ಬೆರಳಗಲ ಸಾಲದ ಬೆಲ್ಟು

ಹುಬ್ಬಳ್ಳಿಯಲ್ಲಿ ಮಹಾರುದ್ರಪ್ಪ ಹಂಚಿನಾಳ ಎಂಬ ಮೆಣಸಿನಕಾಯಿ ವ್ಯಾಪಾರಿಯಿದ್ದ. ಅದೇ ಊರಿನಲ್ಲಿ ಮಂದಾಕಿನಿ ನಾಡಗೌಡ ಎಂಬ ಕಣ್ಣಿನ ಡಾಕ್ಟರಿದ್ದಳು. ಇಬ್ಬರೂ ಐವತ್ತು ದಾಟಿದವರು. ಎರಡು ಮನೆಗಳ ನಡುವೆ ಹಿರಿಯರ ಕಾಲದಿಂದ ಸ್ನೇಹ. ಇಬ್ಬರಿಗೂ ಇದ್ದ ಹುಚ್ಚು ಒಂದೇ: ಹಳೆಯ ಸ್ಪೋರ್ಟ್ಸ್ ಕಾರು.

ಕೊಲ್ಹಾಪುರದ ಸಂಗ್ರಾಹಕನೊಬ್ಬ ತನ್ನಲ್ಲಿದ್ದ ಎರಡು ಜರ್ಮನ್ ಕಾರುಗಳನ್ನು ಮಾರಲು ತೆಗೆದಾಗ ಇಬ್ಬರೂ ಕೂಡಿಯೇ ಹೋದರು. ಒಂದೇ ಮಾದರಿ, ಒಂದೇ ವರ್ಷದ ಕಾರುಗಳು. ಬಣ್ಣ ಮಾತ್ರ ಬೇರೆ. ಹಳದಿಯನ್ನು ಮಹಾರುದ್ರಪ್ಪ ಕೊಂಡ, ನೀಲಿಯನ್ನು ಮಂದಾಕಿನಿ ಕೊಂಡಳು. ಆ ದಿನ ವಾಪಸ್ ಬರುವಾಗ ನಿಪ್ಪಾಣಿಯ ಹತ್ತಿರ ನಿಂತು ಇಬ್ಬರೂ ಚಹಾ ಕುಡಿದರು. ಅಕ್ಕಪಕ್ಕ ನಿಂತ ಎರಡು ಕಾರುಗಳನ್ನು ನೋಡಿ ಮಕ್ಕಳಂತೆ ನಕ್ಕರು.

ಈ ಕಾರುಗಳ ರೀತಿಯೇ ಬೇರೆ. ಎಂಜಿನ್ ಮುಂದಿಲ್ಲ, ಹಿಂದಿದೆ. ರೇಡಿಯೇಟರ್ ಇಲ್ಲ, ನೀರು ಹಾಕುವ ಮಾತೇ ಇಲ್ಲ. ಎಂಜಿನ್ನಿಗೆ ಅಂಟಿಕೊಂಡು ಒಂದು ದೊಡ್ಡ ಫ್ಯಾನ್. ಅದನ್ನು ತಿರುಗಿಸಲು ಒಂದು ರಬ್ಬರ್ ಬೆಲ್ಟು. ಆ ಫ್ಯಾನ್ ಊದುವ ಗಾಳಿಯಿಂದಲೇ ಎಂಜಿನ್ ತಂಪಾಗಬೇಕು. ಬೆಲ್ಟು ಹರಿದರೆ ಕಾರನ್ನು ಅಲ್ಲೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಎಂಜಿನ್ ಸುಟ್ಟುಹೋಗುತ್ತದೆ.

ಹಳೆಯ ಕಾರು ಕೊಂಡವರು ಅದನ್ನು ಇದ್ದಂತೆಯೇ ಬಿಡುವುದಿಲ್ಲ. ಮಂದಾಕಿನಿಯೂ ಬಿಡಲಿಲ್ಲ. ಸೀಟು ಬದಲಿಸಿದಳು, ದೀಪಗಳನ್ನು ಬದಲಿಸಿದಳು, ಹುಬ್ಬಳ್ಳಿಯ ಬಿಸಿಲಿಗೆ ಬೇಕೆಂದು ಎಂಜಿನ್ ಆಯಿಲ್ ತಂಪಾಗಿಸುವ ಒಂದು ಜಾಲರಿಯನ್ನು ಮುಂದೆ ಕೂರಿಸಿದಳು. ಅದನ್ನು ಕಂಡ ಮಹಾರುದ್ರಪ್ಪ ಎರಡು ಜಾಲರಿ ಕೂರಿಸಿದ. ಆಕೆ ಒಳ್ಳೆಯ ಟೈರು ಹಾಕಿಸಿದರೆ ಇವನು ಅದಕ್ಕಿಂತ ಅಗಲದ ಟೈರು ಹಾಕಿಸಿದ. ಆಮೇಲೆ ಎಂಜಿನ್ ಬಿಚ್ಚಿಸಿ ದೊಡ್ಡ ಸಿಲಿಂಡರ್ ಹಾಕಿಸಿದ. ಹಿಂದೆ ಬಾತುಕೋಳಿಯ ಬಾಲದಂಥ ರೆಕ್ಕೆ ಏರಿಸಿದ. ಸೈಲೆನ್ಸರ್ ತೆಗೆಸಿ ಬೇರೆಯದು ಹಾಕಿಸಿದಾಗ ಅವನ ಮನೆಯಿದ್ದ ವಿದ್ಯಾನಗರವಿಡೀ ಕಿಟಕಿ ಮುಚ್ಚಿಕೊಂಡಿತು.

ಗ್ಯಾರೇಜಿನ ಮೌಲಾಸಾಬ್ ಪ್ರತಿ ಸಲವೂ ಕೇಳುತ್ತಿದ್ದ. "ಈ ಸಲ ಏನ ಮಾಡೂಣ್ರಿ ಸಾಹುಕಾರ್ರ?"

ಮಂದಾಕಿನಿಯನ್ನು ಡಾಕ್ಟರ್ ಬಾಯಿ ಎಂದೇ ಕರೆಯುತ್ತಿದ್ದ ಮಹಾರುದ್ರಪ್ಪನ ಉತ್ತರ ಪ್ರತಿ ಸಲವೂ ಒಂದೇ. "ಡಾಕ್ಟರ್ ಬಾಯಿ ಏನ್ ಮಾಡ್ಸ್ಯಾರ? ಅದಕ್ಕಿಂತ ಒಂದು ಕೈ ಮ್ಯಾಲ ಆಗ್ಬೇಕು."

ಭಾನುವಾರ ಬೆಳಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ಇಬ್ಬರೂ ಕಾರು ತಂದು ನಿಲ್ಲಿಸುತ್ತಿದ್ದರು. ಮೊದಮೊದಲು ಹರಟೆ ಹೊಡೆಯುತ್ತಿದ್ದರು. ಬರಬರುತ್ತ ಮಹಾರುದ್ರಪ್ಪ ಹರಟೆ ಬಿಟ್ಟು ನೀಲಿ ಕಾರಿನ ಸುತ್ತ ಕಣ್ಣು ಹಾಯಿಸತೊಡಗಿದ. ಒಮ್ಮೆ ಮಾತಿನ ನಡುವೆ ಮಂದಾಕಿನಿ, "ನನ್ನ ಗಾಡಿ ನಿಮ್ಮದಕ್ಕಿಂತ ಈಗ ಹಗುರ ಅದ ನೋಡ್ರಿ. ನಿಮ್ಮದರಾಗ ಸಾಮಾನು ಭಾಳ ಆತು" ಎಂದಳು. ನಗುತ್ತ ಹೇಳಿದ ಮಾತು. ಆದರೆ ಅದು ಮಹಾರುದ್ರಪ್ಪನ ಎದೆಗೆ ನಾಟಿತು. ಮರುದಿನವೇ ಹಿಂದಿನ ಪುಟ್ಟ ಸೀಟುಗಳನ್ನು ಕೀಳಿಸಿದ. ಸ್ಟೆಪ್ನಿ ತೆಗೆಸಿದ. ಜ್ಯಾಕು, ಪಾನಾ, ಹೆಚ್ಚುವರಿ ಬೆಲ್ಟು ಇದ್ದ ಚೀಲವನ್ನೂ ಮನೆಯಲ್ಲೇ ಇಟ್ಟ. ಎಂಜಿನ್ನಿನ ಬಲ ಇನ್ನಷ್ಟು ಉಳಿಯಲಿ ಎಂದು ಬೆಲ್ಟು ಕೂರುವ ಫ್ಯಾನಿನ ಗಾಲಿಯನ್ನೇ, ಅಂದರೆ ಪುಲ್ಲಿಯನ್ನೇ ಬದಲಿಸಿ, ಅದಕ್ಕಿಂತ ದೊಡ್ಡದನ್ನು ಹಾಕಿಸಿದ. ಫ್ಯಾನ್ ಸ್ವಲ್ಪ ನಿಧಾನವಾಗಿ ತಿರುಗುತ್ತದೆ, ಕಾರು ಸ್ವಲ್ಪ ಜೋರಾಗಿ ಓಡುತ್ತದೆ. ಅವನಿಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಮಹಾರುದ್ರಪ್ಪನ ತಂಗಿಯ ಮಗಳು ಶಾಲ್ಮಲಾಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಅಂಕೋಲೆಯವರು. ಮದುವೆಯೂ ಅಲ್ಲಿಯೇ. ತಂಗಿಗೆ ಇವನೊಬ್ಬನೇ ಅಣ್ಣ. ಅಂದರೆ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಇವನೇ.

ಮೆರವಣಿಗೆಗೆ ತನ್ನ ಕಾರೇ ಆಗಲಿ ಎಂದು ಮಹಾರುದ್ರಪ್ಪ ಹೇಳಿದ. ತನ್ನದೂ ಇದೆ ಎಂದು ಮಂದಾಕಿನಿ ಹೇಳಿದಳು. ಶಾಲ್ಮಲಾ ಇಬ್ಬರ ಮಡಿಲಲ್ಲೂ ಬೆಳೆದವಳು. ಯಾರ ಮನಸ್ಸನ್ನೂ ನೋಯಿಸಲಾರದೆ ನಕ್ಕು, "ಮದುವಿ ದಿನ ಯಾರು ಮೊದಲು ಬರ್ತೀರೋ ಅವರ ಕಾರಿನಾಗ ಕೂಡ್ತೀನಿ" ಎಂದುಬಿಟ್ಟಳು.

ಮಂದಾಕಿನಿ ಅದನ್ನು ಅಲ್ಲಿಯೇ ಮರೆತಳು. ಮಹಾರುದ್ರಪ್ಪ ಮರೆಯಲಿಲ್ಲ.

ಬಂಧುಬಳಗವೆಲ್ಲ ಹಿಂದಿನ ದಿನವೇ ಬಸ್ಸಿನಲ್ಲಿ ಹೋಯಿತು. ಮಹಾರುದ್ರಪ್ಪನ ತಾಯಿ ನೀಲವ್ವ ಮಾತ್ರ, "ನನಗ ಬಸ್ಸಿನಾಗ ಆಗೂದಿಲ್ಲ, ಮಗನ ಕೂಡ ಬರ್ತೀನಿ" ಎಂದು ಉಳಿದಳು. ಮದುವೆಯ ದಿನ ಬೆಳಕು ಹರಿಯುತ್ತಲೇ ಹಳದಿ ಕಾರು ತಾಯಿ ಮಗನನ್ನು ಹೊತ್ತು ಹೊರಟಿತು. ಮಂದಾಕಿನಿಯೂ ಅದೇ ಹೊತ್ತಿಗೆ ನೀಲಿ ಕಾರಿನಲ್ಲಿ ಒಬ್ಬಳೇ ಹೊರಟಳು. ಕಲಘಟಗಿ ದಾಟುವವರೆಗೆ ಎರಡೂ ಕಾರು ಹಿಂದೆ ಮುಂದೆ ಓಡಿದವು. ಯಲ್ಲಾಪುರದಲ್ಲಿ ಮಂದಾಕಿನಿ ತಿಂಡಿಗೆ ನಿಂತಳು. ಮಹಾರುದ್ರಪ್ಪ ನಿಲ್ಲಲಿಲ್ಲ. ನೀಲವ್ವ ಏನೋ ಹೇಳಿದಳು. ಸೈಲೆನ್ಸರಿನ ಗದ್ದಲದಲ್ಲಿ ಅದು ಅವನ ಕಿವಿಗೆ ಬೀಳಲಿಲ್ಲ. "ಹೂಂ ಅವ್ವ" ಎಂದ. ಆಕೆ ಕೇಳಿದ್ದು ಚಹಾ.

ಅರಬೈಲ್ ಘಟ್ಟದ ಇಳಿಜಾರು ಶುರುವಾಯಿತು. ಮಹಾರುದ್ರಪ್ಪ ಗೇರು ಇಳಿಸಿ, ಎಂಜಿನ್ ಕಿರುಚಿಸುತ್ತ, ಒಂದೊಂದೇ ತಿರುವನ್ನು ನುಂಗುತ್ತ ಹೋದ. ಒಂದು ತಿರುವಿನಲ್ಲಿ ಹಿಂದಿನಿಂದ ಪಟ್ ಎಂದು ಸದ್ದಾಯಿತು. ಎದುರಿಗೆ ಕೆಂಪು ದೀಪ ಹತ್ತಿತು.

ಅದರ ಅರ್ಥ ಅವನಿಗೆ ಗೊತ್ತಿತ್ತು. ಬೆಲ್ಟು ಹರಿದಿದೆ, ನಿಲ್ಲಿಸಬೇಕು. ಆದರೆ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. 'ಇಳಿಜಾರೇ ಅಲ್ಲವೇ, ಕೆಳಗೆ ಮುಟ್ಟಿದ ಮೇಲೆ ನೋಡಿದರಾಯಿತು' ಎಂದು ಮನಸ್ಸು ಹೇಳಿತು. ಒಂದು ತಿರುವು ದಾಟಿದ. ಇನ್ನೊಂದು ದಾಟಿದ. ಬಿಸಿ ಎಣ್ಣೆಯ ವಾಸನೆ ಒಳಗೆ ಬಂತು.

ನೀಲವ್ವ ಮಗನ ತೋಳು ಹಿಡಿದು ಅಲುಗಾಡಿಸಿದಳು. "ಏನೋ ಹೊತ್ತಿದ ವಾಸನಿ ಬರಾಕತ್ತೈತಿ! ನಿಲ್ಲಸ್ತೀಯೋ, ಇಲ್ಲಾ ನಾ ಜಿಗೀಲೋ?"

ಆಗ ನಿಲ್ಲಿಸಿದ. ಹಿಂದಿನ ಮುಚ್ಚಳ ತೆಗೆದ. ಎಂಜಿನ್ನಿನಿಂದ ಬಂದ ಬಿಸಿ ಮುಖಕ್ಕೆ ಹೊಡೆಯಿತು. ಬೆಲ್ಟಿನ ತುಂಡು ಹರಿದ ಜನಿವಾರದಂತೆ ಜೋತಾಡುತ್ತಿತ್ತು. ಹೊಸದು ಹಾಕೋಣವೆಂದರೆ ಚೀಲ ಮನೆಯಲ್ಲಿತ್ತು.

ಸ್ವಲ್ಪ ಹೊತ್ತಿಗೆ ನೀಲಿ ಕಾರು ಬಂದು ನಿಂತಿತು. ಮಂದಾಕಿನಿ ಗಾಜು ಇಳಿಸಿ, "ಯಾಕ್ರಿ, ಏನಾತು?" ಎಂದಳು.

ಮಹಾರುದ್ರಪ್ಪ ಮುಚ್ಚಳವನ್ನು ಗಪ್ಪನೆ ಮುಚ್ಚಿದ. "ಏನಿಲ್ಲ, ಏನಿಲ್ಲ. ಅವ್ವಗ ಸ್ವಲ್ಪ ಗಾಳಿ ಬೇಕಂತ, ಅದಕ್ಕ ನಿಂತೀವಿ. ನೀವು ಹೋಗ್ರಿ."

ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದ ನೀಲವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. "ನನಗ್ಯಾಕ ಬೇಕೋ ಗಾಳಿ? ಗಾಳಿ ಬೇಕಾಗಿದ್ದು ನಿನ್ನ ಕಾರಿಗೆ."

ಮಂದಾಕಿನಿ ನಗಲಿಲ್ಲ. ಇಳಿದು ಬಂದಳು, ಮುಚ್ಚಳ ಎತ್ತಿ ನೋಡಿದಳು, ತನ್ನ ಕಾರಿನಿಂದ ಹೊಸ ಬೆಲ್ಟು ತಂದಳು. ಕೈಬಳೆ ಮೇಲೇರಿಸಿ, ಜರಿಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನಿಂತಳು. ಕೆಳಗಿನ ಪುಲ್ಲಿಗೆ ಬೆಲ್ಟು ಸುತ್ತಿ ಮೇಲಿನದಕ್ಕೆ ಎಳೆದಳು. ಬರಲಿಲ್ಲ. ಮಹಾರುದ್ರಪ್ಪನೂ ಕೈ ಹಾಕಿ ಎಳೆದ. ಬರಲಿಲ್ಲ. ಬರೀ ಒಂದು ಬೆರಳಗಲ ಕಡಿಮೆ.

"ಎರಡೂ ಒಂದ ಗಾಡಿ, ಯಾಕ ಸಾಲವಲ್ದು?" ಎಂದಳು ಮಂದಾಕಿನಿ.

ಮಹಾರುದ್ರಪ್ಪ ನೆಲ ನೋಡಿದ. "ಪುಲ್ಲಿ ದೊಡ್ಡದು ಹಾಕ್ಸೀನ್ರಿ."

"ಯಾಕ?"

ಆ ಪ್ರಶ್ನೆಗೆ ಅವನ ಬಳಿ ಇದ್ದ ಉತ್ತರವನ್ನು ಆಕೆಯ ಮುಂದೆ ಹೇಳುವಂತಿರಲಿಲ್ಲ. ಆಕೆಯೂ ಎರಡನೇ ಸಲ ಕೇಳಲಿಲ್ಲ. ಕೈ ಒರೆಸಿಕೊಂಡು, "ಹೊತ್ತಾಗ್ತದ. ಇಬ್ಬರೂ ನನ್ನ ಗಾಡಿ ಹತ್ರಿ" ಎಂದಳು.

"ಅವ್ವನ್ನ ಕರ್ಕೊಂಡು ಹೋಗ್ರಿ. ನಾ ಇಲ್ಲೇ ಇರ್ತೀನಿ. ಕಾರು ಹಿಂಗ ಘಟ್ಟದಾಗ ಬಿಟ್ಟು ಹೆಂಗ ಬರಲಿ? ಯಾರರೆ ಗೀರಿದ್ರ?"

ನಿಜವೆಂದರೆ ಗೀರುವವರ ಭಯ ಅವನಿಗೆ ಅಷ್ಟಿರಲಿಲ್ಲ. ಮದುವೆ ಮನೆಯ ಮುಂದೆ, ಎಲ್ಲರ ಕಣ್ಣೆದುರಿಗೆ, ಆ ನೀಲಿ ಕಾರಿನ ಹಿಂದಿನ ಸೀಟಿನಿಂದ ಇಳಿಯಲು ಅವನು ಸಿದ್ಧನಿರಲಿಲ್ಲ.

ನೀಲವ್ವ ಕಲ್ಲಿನಿಂದ ಎದ್ದಳು. "ರುದ್ರಾ, ಇಲ್ಲಿ ನೋಡು. ಆ ಹುಡುಗಿ ಮಂಟಪದ ಬಾಗಲಾಗ ನಿಂತು ಮಾವ ಎಲ್ಲಿ ಅಂತ ಕೇಳಿದ್ರ ನಾ ಏನ ಹೇಳ್ಲಿ? ಕಾರು ಕಾಯಾಕತ್ತಾನವಾ ಅಂತ ಹೇಳ್ಲಾ?"

ಮಹಾರುದ್ರಪ್ಪ ಒಂದು ಕ್ಷಣ ಹಳದಿ ಕಾರನ್ನು ನೋಡಿದ. ಎಷ್ಟು ಚಂದ ಹೊಳೆಯುತ್ತಿತ್ತು! ಆಮೇಲೆ ಬೀಗ ಹಾಕಿದ, ಚಕ್ರಕ್ಕೆ ಕಲ್ಲು ಕೊಟ್ಟ, ನೀಲಿ ಕಾರಿನ ಹಿಂದಿನ ಪುಟ್ಟ ಸೀಟಿನೊಳಗೆ ತೂರಿಕೊಂಡ. ಆ ಸೀಟು ಚಿಕ್ಕ ಮಕ್ಕಳಿಗೆಂದು ಮಾಡಿದ್ದು. ಮೊಣಕಾಲು ಗದ್ದಕ್ಕೆ ತಾಗಿತು. ರುಮಾಲು ತಲೆಯಿಂದ ಕಿತ್ತು ಮಡಿಲಲ್ಲಿ ಇಟ್ಟುಕೊಳ್ಳಬೇಕಾಯಿತು.

ಕಾರು ಘಟ್ಟ ಇಳಿಯಿತು. ಎಂಜಿನ್ನಿನ ಸದ್ದು ಹದವಾಗಿತ್ತು. ಮುಂದೆ ಕೂತ ನೀಲವ್ವ ಮಾತು ಶುರುಮಾಡಿದಳು. ತನ್ನ ಮದುವೆಯಲ್ಲಿ ಸೋದರಮಾವ ಮುನಿಸಿಕೊಂಡು ಹಿತ್ತಲಲ್ಲಿ ಕೂತದ್ದು, ಅವನನ್ನು ರಮಿಸಲು ಅಜ್ಜಿ ಹೋಳಿಗೆ ಒಯ್ದದ್ದು, ಅವನು ಹೋಳಿಗೆ ತಿಂದು ಮತ್ತೆ ಮುನಿಸಿಕೊಂಡದ್ದು. ಮಂದಾಕಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅವ್ವ, ಇದನ್ನ ನೀ ನನಗ ಎಂದೂ ಹೇಳಿಲ್ಲಲ್ಲ?" ಎಂದ ಮಹಾರುದ್ರಪ್ಪ.

ನೀಲವ್ವ ಹಿಂತಿರುಗಿ ನೋಡಿದಳು. "ನಿನ್ನ ಕಾರಿನಾಗ ಕುಂತಾಗೆಲ್ಲಾ ಹೇಳೀನೋ. ನೀ ಹೂಂ ಅವ್ವ, ಹೂಂ ಅವ್ವ ಅಂದಿ. ಕೇಳಸ್ಲಿಲ್ಲಾ?"

ಮಹಾರುದ್ರಪ್ಪ ಕಿಟಕಿಯ ಹೊರಗೆ ನೋಡಿದ. ಅಂಕೋಲೆ ಬರುವವರೆಗೆ ತಾಯಿಯ ಮಾತನ್ನು ಒಂದಕ್ಷರ ಬಿಡದೆ ಕೇಳಿದ.

ಮದುವೆ ಮನೆ ಮುಟ್ಟಿದಾಗ ಶಾಲ್ಮಲಾ ಬಾಸಿಂಗ ಕಟ್ಟಿಕೊಂಡು ಸಿದ್ಧಳಾಗಿದ್ದಳು. ನೀಲಿ ಕಾರಿನಿಂದ ಮೊದಲು ಅಜ್ಜಿ ಇಳಿದಳು. ಆಮೇಲೆ ಸೀಟು ಬಗ್ಗಿಸಿ, ಒಂದು ಕಾಲು, ಒಂದು ಕೈ, ಒಂದು ಭುಜ ಎನ್ನುತ್ತ ಸೋದರಮಾವ ಹೊರಬಂದ. ನೆರೆದವರಲ್ಲಿ ನಗು ಎದ್ದಿತು.

"ಮಾವಾ! ಯಾರು ಮೊದಲು ಬಂದ್ರಿ?" ಎಂದು ಕೂಗಿದಳು ಶಾಲ್ಮಲಾ.

ಮಹಾರುದ್ರಪ್ಪ ರುಮಾಲು ತಲೆಗೆ ಸುತ್ತಿಕೊಂಡ. "ಡಾಕ್ಟರ್ ಬಾಯಿ ಕಾರು ಮೊದಲು ಬಂತವ್ವಾ. ನಾ ಅದರಾಗ ಸಾಮಾನಾಗಿ ಬಂದೆ."

ನಗು ಇನ್ನೂ ಜೋರಾಯಿತು. ಆದರೆ ಅದು ಚುಚ್ಚುವ ನಗುವಾಗಿರಲಿಲ್ಲ. ಅವನೂ ಅದರಲ್ಲಿ ಸೇರಿಕೊಂಡ. ಸೋದರಸೊಸೆಯ ಕೈಹಿಡಿದು ಮಂಟಪಕ್ಕೆ ಕರೆತಂದ. ಗಟ್ಟಿಮೇಳ ಮೊಳಗಿತು, ಅಕ್ಕಿಕಾಳು ಬಿದ್ದವು. ಮದುವೆ ಚೆನ್ನಾಗಿ ಆಯಿತು.

ಮಧ್ಯಾಹ್ನ ಮೆರವಣಿಗೆಗೆ ನೀಲಿ ಕಾರಿಗೆ ಹೂವು ಕಟ್ಟಿದರು. ಮಂದಾಕಿನಿ ಕೀಲಿಯನ್ನು ಮಹಾರುದ್ರಪ್ಪನ ಕೈಗಿಟ್ಟಳು. "ಸೋದರಮಾವ ನೀವು. ನೀವ ಓಡಸ್ರಿ."

ಇಷ್ಟು ವರ್ಷ ಸುತ್ತಲೂ ತಿರುಗಿ ಅಳೆದ ಕಾರಿನ ಚಾಲಕನ ಸೀಟಿನಲ್ಲಿ ಅವನು ಅಂದೇ ಮೊದಲ ಸಲ ಕೂತ. ಸೀಟಿನ ಬೆನ್ನು ವಿಚಿತ್ರವಾಗಿ ನೆಟ್ಟಗಿತ್ತು. ಪಕ್ಕದ ಕನ್ನಡಿಗಳು ಎರಡು ಅಂಗೈಯಷ್ಟು ಅಗಲವಾಗಿದ್ದವು. ಈ ಕನ್ನಡಿಗಳನ್ನು ಕಂಡು ಇವನೂ ಒಮ್ಮೆ ಇದಕ್ಕಿಂತ ದೊಡ್ಡವನ್ನು ತರಿಸಿ ಹಾಕಿಸಿದ್ದ.

"ಇಷ್ಟು ದೊಡ್ಡ ಕನ್ನಡಿ ಯಾಕ ಹಾಕ್ಸೀರಿ?" ಎಂದು ಕೇಳಿದ.

"ಮೂವತ್ತು ವರ್ಷ ತಲಿ ಬಗ್ಗಿಸಿ ಕಣ್ಣಿನ ಆಪರೇಷನ್ ಮಾಡೀನ್ರಿ. ಕುತ್ತಿಗಿ ಹಿಂದಕ್ಕ ತಿರುಗೂದಿಲ್ಲ. ಈ ಕನ್ನಡಿ ಇಲ್ಲಂದ್ರ ನಾ ಗಾಡಿ ಓಡಸಾಕ ಆಗೂದಿಲ್ಲ. ಸೀಟೂ ಅದಕ್ಕ" ಎಂದಳು ಮಂದಾಕಿನಿ ಸಹಜವಾಗಿ.

ಮಹಾರುದ್ರಪ್ಪ ಸಲೀಸಾಗಿ ತಿರುಗುವ ತನ್ನ ಕುತ್ತಿಗೆಯನ್ನು ಸವರಿಕೊಂಡ. ಮದುಮಗಳನ್ನು ಪಕ್ಕದಲ್ಲೂ ಮದುಮಗನನ್ನು ಹಿಂದಿನ ಪುಟ್ಟ ಸೀಟಿನಲ್ಲೂ ಕೂರಿಸಿಕೊಂಡು, ವಾಲಗದವರ ಹಿಂದೆ ಆ ಕಾರನ್ನು ಬಹಳ ಮೆಲ್ಲಗೆ ಓಡಿಸಿದ. ಯಾರಿಗಿಂತ ಮುಂದೆ ಹೋಗುವುದೂ ಇರಲಿಲ್ಲ. ಆ ಓಟ ಅವನಿಗೆ ಬಹಳ ಹಿಡಿಸಿತು.

ಹಳದಿ ಕಾರು ಲಾರಿಯ ಮೇಲೆ ಹುಬ್ಬಳ್ಳಿಗೆ ಬಂತು. ಎಂಜಿನ್ ಉಳಿದಿತ್ತು. ನೀಲವ್ವ ತೋಳು ಅಲುಗಾಡಿಸಿದ್ದು ಸರಿಯಾದ ಹೊತ್ತಿಗೆ ಎಂದು ಗ್ಯಾರೇಜಿನಲ್ಲಿ ಗೊತ್ತಾಯಿತು. ಮೌಲಾಸಾಬ್ ವಾಡಿಕೆಯಂತೆ ಕೇಳಿದ. "ಈ ಸಲ ಏನ ಮಾಡೂಣ್ರಿ?"

ತನಗೆ ಏನು ಬೇಕು ಎಂದು ಮಹಾರುದ್ರಪ್ಪ ಈ ಕಾರಿನ ವಿಷಯದಲ್ಲಿ ತನ್ನನ್ನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಸ್ಟೂಲಿನ ಮೇಲೆ ಕೂತು, ಚಹಾ ತರಿಸಿಕೊಂಡು, ನಿಧಾನವಾಗಿ ಯೋಚಿಸಿದ.

"ದೊಡ್ಡ ಸಿಲಿಂಡರ್ ಇರ್ಲಿ. ಜೋರು ಓಡಸೂದು ನನಗ ಖರೇನ ಸೇರ್ತೈತಿ" ಎಂದ. "ಎಂಜಿನ್ ದೊಡ್ಡದಾದ ಮ್ಯಾಲ ಗಾಳೀನೂ ಪೂರಾ ಬೇಕು, ಮೊದಲಿನ ಪುಲ್ಲಿ ಹಾಕು. ಸ್ಟೆಪ್ನಿ, ಸಾಮಾನಿನ ಚೀಲ ವಾಪಸ್ ಇಡು. ಕನ್ನಡಿ ತಗಿ, ಅವು ನನಗ ಬ್ಯಾಡ. ಮತ್ತ ಆ ಸೈಲೆನ್ಸರ್ ಬದಲಿ ಮಾಡು. ಬಾಜೂಕ ಕುಂತವರು ಮಾತಾಡಿದ್ದು ಕೇಳಸ್ಬೇಕು."

"ಡಾಕ್ಟರ್ ಬಾಯಿ ಗಾಡಿಗಿಂತ ಸದ್ದು ಕಡಿಮಿ ಆಗ್ಬೇಕೇನ್ರಿ?"

"ಅವರದು ಎಷ್ಟರೆ ಇರಲಿ ಮಾರಾಯ. ನಮ್ಮವ್ವನ ದನಿಗಿಂತ ಕಡಿಮಿ ಆದ್ರ ಸಾಕು."

ಮುಂದಿನ ಭಾನುವಾರ ಅವನು ತಾಯಿಯನ್ನು ಕೂರಿಸಿಕೊಂಡು ಧಾರವಾಡದ ದಾರಿ ಹಿಡಿದ. ಕಾರು ಜೋರಾಗಿಯೇ ಓಡಿತು. ನೀಲವ್ವ ಮಾತಾಡಿದಳು. ನಡುವೆ ಒಮ್ಮೆ ಮಗ, "ಅವ್ವ, ಆಮ್ಯಾಲೇನಾತು?" ಎಂದು ಕೇಳಿದ. ನೀಲವ್ವ ಮಾತು ನಿಲ್ಲಿಸಿ ಮಗನ ಮುಖವನ್ನೇ ನೋಡಿದಳು. ಆಮೇಲೆ ಸೀಟಿನಲ್ಲಿ ಒರಗಿ ಕೂತು, ಕಥೆಯನ್ನು ಮೊದಲಿನಿಂದ ಶುರುಮಾಡಿದಳು.

ನೀತಿ: ಪಕ್ಕದವರನ್ನು ನೋಡಿ ಮಾಡಿಕೊಂಡದ್ದು ಎಷ್ಟು ದೊಡ್ಡದಾದರೂ ನಮ್ಮದಾಗುವುದಿಲ್ಲ. ಅವರನ್ನು ಮೀರುವ ಭರದಲ್ಲಿ ಅವರ ನೆರವು ಕೂಡ ನಮಗೆ ಒಗ್ಗದಂತಾಗುತ್ತದೆ. ನಮಗೆ ಏನು ಬೇಕು ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಆ ಉತ್ತರ ಸಿಕ್ಕವನಿಗೆ ಹೋಲಿಕೆಯ ಹಂಗಿಲ್ಲ.