ಸದ್ದಿಲ್ಲದ ಪಲ್ಲಕ್ಕಿ

ಕಣಿವೆನಾಡಿನ ದೊರೆ ಕೇತರಸನ ಡಂಗುರದವನು ತಮಟೆಗೆ ಕಂಬಳಿ ಸುತ್ತಿಕೊಂಡು ಬಂದ. ದೊರೆಗೆ ಸದ್ದು ಆಗಿಬರುತ್ತಿರಲಿಲ್ಲ. ತಗ್ಗಿದ ದನಿಯಲ್ಲಿ ಅವನು ಸಾರಿದ್ದು ಇಷ್ಟು: ದೊರೆಗೆ ಪಟ್ಟ ಬಿಡಿ ಎಂದು ಹೇಳಬಯಸುವವರು ಅರಮನೆಗೆ ಬರಬಹುದು. ಮೂರು ಒಗಟುಗಳಿವೆ, ಯಾವುದನ್ನು ಬೇಕಾದರೂ ಮೊದಲು ಆರಿಸಿಕೊಳ್ಳಬಹುದು. ಮೂರನ್ನೂ ಬಿಡಿಸಿದರೆ ದೊರೆ ಇಳಿಯುತ್ತಾರೆ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ.

ಆ ನಾಡಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ದೊರೆ ಬಯಲಿಗೆ ಬಂದು, ಇನ್ನೊಮ್ಮೆ ಕೂರಲೇ ಎಂದು ಜನರನ್ನು ಕೇಳಬೇಕಿತ್ತು. ಜನ ಎದ್ದು ನಿಂತರೆ ಹೌದು, ಕೂತೇ ಇದ್ದರೆ ಇಲ್ಲ. ಇಲ್ಲ ಎಂದಾದರೆ ಅವನನ್ನು ಪಟ್ಟಕ್ಕೆ ತಂದ ಏಳು ಮುಖಂಡರೂ ಅವನೊಡನೆ ಮನೆಗೆ ಹೋಗಬೇಕು. ದೊರೆ ತಾನಾಗಿಯೇ ಇಳಿದರೆ ಮಾತ್ರ ಅವರು ತಮ್ಮಲ್ಲೊಬ್ಬನನ್ನು ಕೂರಿಸಿಕೊಳ್ಳಬಹುದು.

ಈ ಸಲ ಜನ ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕೇತರಸ ಮದುವೆಯ ವಾಲಗ ನಿಲ್ಲಿಸಿದ್ದ. ಸಾವಿನ ಮನೆಯಲ್ಲಿ ಅಳುವವರ ಬಾಯಿಗೆ ಬಟ್ಟೆ ತುರುಕಿಸುತ್ತಿದ್ದ. ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ಆ ಬಟ್ಟೆಯಿಂದಲೇ ಉಸಿರುಗಟ್ಟಿ ಸತ್ತಿದ್ದಳು. ಮುಖಂಡರಲ್ಲಿ ಹಿರಿಯನಾದ ನಾಗಣಯ್ಯ ಮೂರು ಬಾರಿ ಹೋಗಿ, ಆರೋಗ್ಯದ ನೆಪ ಹೇಳಿ ಗೌರವವಾಗಿ ಇಳಿಯಿರಿ ಎಂದು ಬೇಡಿಕೊಂಡಿದ್ದ. ಅದಕ್ಕೆ ಬಂದ ಉತ್ತರವೇ ಈ ಡಂಗುರ.

ಮುಖಂಡರಲ್ಲೊಬ್ಬನಾದ ದಂಡನಾಯಕ ಬೀಚರಸ ಮೊದಲು ಹೋದ. ತುಂಬಿದಾಗ ಹಗುರವಾಗಿ ಖಾಲಿಯಾದಾಗ ಭಾರವಾಗುವುದು ಯಾವುದು ಎಂಬ ಒಗಟನ್ನು ಆರಿಸಿಕೊಂಡು, ಹೊಟ್ಟೆ ಎಂದ.

"ನಿನ್ನ ತುಂಬಿದ ಹೊಟ್ಟೆ ನನ್ನ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿತ್ತಲ್ಲ ಬೀಚರಸ," ಎಂದ ದೊರೆ. ಸಂಜೆಯೊಳಗೆ ಆ ತಲೆ ಕೋಟೆ ಬಾಗಿಲಿನಲ್ಲಿತ್ತು.

ಆಮೇಲೆ ಮುಖಂಡರು ತಾವು ಹೋಗಲಿಲ್ಲ, ಬೇರೆಯವರನ್ನು ಕಳಿಸಿದರು. ಕಣ್ಣಿಲ್ಲದೆ ದಾರಿ ತೋರಿಸುವುದು, ಅದು ಇಲ್ಲವಾದ ದಿನ ಎತ್ತರದಲ್ಲಿದ್ದವನು ಬೀಳುವುದು, ಯಾವುದದು ಎಂಬುದಕ್ಕೆ ಶ್ರೀಧರಭಟ್ಟ ಕುರುಡನ ಕೋಲು ಎಂದ. ಕುರುಡನನ್ನು ಎತ್ತರದಲ್ಲಿ ಕೂರಿಸಿದವರು ಯಾರು ಭಟ್ಟರೇ ಎಂದು ದೊರೆ ನಕ್ಕ. ಕೈ ಹಿಡಿದಿದೆ, ಹೆಜ್ಜೆ ಜೊತೆಗೆ ಬೀಳುತ್ತಿದೆ, ಆದರೂ ಹೊರುತ್ತಿಲ್ಲ, ಅವನನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ಒಬ್ಬ ಜಟ್ಟಿ, ಅವನು ಬೆವರುವುದಿಲ್ಲ ಎಂದ. ಜೊತೆಗೆ ಓಡಿದವರೆಲ್ಲ ಬೆವರುತ್ತಾರೆ ಎಂದ ದೊರೆ. ಅವನೂ ಹೋದ.

ಮೂರು ತಲೆಗಳ ಕೆಳಗೆ ದಿನವೂ ಹಾದುಹೋಗುತ್ತಿದ್ದವನು ಪಲ್ಲಕ್ಕಿ ಹೊರುವ ಬೋವಿ ಓಬಳ. ಒಗಟು ಕೇಳಿದ ದಿನವೇ ಅವನಿಗೆ ಮೂರರ ಉತ್ತರವೂ ಹೊಳೆದಿತ್ತು. ಆದರೆ ಸುಮ್ಮನಿದ್ದ. ಅವನ ಅಪ್ಪ ಕರಿಯಣ್ಣ ಒಂದು ವರ್ಷದಿಂದ ಸೆರೆಯಲ್ಲಿದ್ದ. ಪಲ್ಲಕ್ಕಿಯ ಹಿಂದಿನವರಿಗೆ ನೆಲ ಕಾಣುವುದಿಲ್ಲ. ಮುಂದಿನವನು ಕಲ್ಲು, ತಗ್ಗು, ತಿರುವು ಎಂದು ಕೂಗಿದಂತೆ ಅವರು ಕಾಲಿಡಬೇಕು. ನಿದ್ದೆ ಕೆಡುತ್ತದೆಂದು ಕೇತರಸ ಆ ಕೂಗನ್ನೂ ನಿಲ್ಲಿಸಿದ. ಮರುವಾರವೇ ಘಟ್ಟದ ತಿರುವಿನ ಸಡಿಲ ಕಲ್ಲಿನ ಮೇಲೆ ಹಿಂದಿದ್ದ ಕರಿಯಣ್ಣ ಕಾಲಿಟ್ಟ, ಪಲ್ಲಕ್ಕಿ ವಾಲಿ ದೊರೆ ಉರುಳಿಬಿದ್ದ, ಕರಿಯಣ್ಣ ಸೆರೆಗೆ ಹೋದ. ಅಂದು ಮುಂದೆ ಇದ್ದವನು ಓಬಳನೇ. ಕಲ್ಲನ್ನು ಕಂಡಿದ್ದ, ಕೂಗಿರಲಿಲ್ಲ.

ಯಾರಿಂದಲೋ ಸುಳಿವು ಸಿಕ್ಕಿ ನಾಗಣಯ್ಯ ಅವನನ್ನು ಕರೆಸಿದ. "ಹೋಗಿ ಉತ್ತರ ಹೇಳೋ ಓಬಳ. ದೊರೆ ಇಳಿದ ದಿನವೇ ನಿಮ್ಮಪ್ಪನನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ."

ಓಬಳ ಹೋದ. ಸಭೆಯಲ್ಲಿ ಉಳಿದ ಆರು ಮುಖಂಡರೂ ಇದ್ದರು.

"ಮೊದಲನೆಯದು ಪಲ್ಲಕ್ಕಿ, ಬುದ್ಧಿ," ಎಂದ. "ನೀವು ಕೂತಿದ್ದರೆ ಹೆಗಲು ಕೊಡಲು ಹದಿನಾರು ಜನ ನುಗ್ಗುತ್ತಾರೆ, ಹಗುರ. ನೀವು ಇಳಿದ ಮೇಲೆ ಖಾಲಿ ಪಲ್ಲಕ್ಕಿಯನ್ನು ನಾವು ನಾಲ್ವರೇ ಮನೆಗೆ ತರಬೇಕು, ಭಾರ. ಎರಡನೆಯದು ಮುಂದಿನ ಬೋವಿಯ ಕೂಗು. ಅದು ನಿಂತ ಮೇಲೆ ಯಾರು ಬಿದ್ದರು ಅಂತ ತಮಗೇ ಗೊತ್ತು."

ದೊರೆಯ ಮುಖ ಕಪ್ಪಿಟ್ಟಿತು. ಮೂರನೆಯದು ಎಂದ.

"ಹೆಗಲು ನೋಡಬೇಕು, ಬುದ್ಧಿ. ಹೊತ್ತವನ ಹೆಗಲು ಜಡ್ಡುಗಟ್ಟಿರುತ್ತದೆ." ಓಬಳ ತನ್ನ ಹೆಗಲ ಬಟ್ಟೆ ಸರಿಸಿದ. ಅಲ್ಲಿ ನೊಗ ಹೊತ್ತ ಎತ್ತಿನ ಕತ್ತಿನ ಮೇಲಿರುವಂಥ ಕರಿ ಗಡ್ಡೆ ಇತ್ತು.

ಪ್ರತಿ ಸೋಮವಾರ ಅರಮನೆಯಿಂದ ಗುಡಿಯವರೆಗೆ ದೊರೆಯನ್ನು ಮುಖಂಡರೇ ಹೊರುವುದು ಆ ನಾಡಿನ ಪದ್ಧತಿ. ಹನ್ನೆರಡು ವರ್ಷ ಹೊತ್ತಿದ್ದಾರೆಂದೇ ದೊರೆ ನಂಬಿದ್ದ. ಕೇತರಸ ಅವರ ಕಡೆ ತಿರುಗಿ ಶಲ್ಯ ತೆಗೆಯಿರಿ ಎಂದ. ಆರು ಹೆಗಲುಗಳೂ ಮದುವಣಗಿತ್ತಿಯ ಕೆನ್ನೆಯಷ್ಟು ನುಣುಪಾಗಿದ್ದವು.

ದೊರೆ ಸಿಂಹಾಸನದಿಂದ ಎದ್ದ. ಆಮೇಲೆ ಕಿರೀಟ ತೆಗೆದು ಪಕ್ಕಕ್ಕಿಟ್ಟು, ಇವನಿಗೆ ಕೇಳಿದ್ದನ್ನು ಕೊಡಿ ಎಂದ.

ನಾಗಣಯ್ಯ ಆ ಕ್ಷಣದಿಂದಲೇ ದೊರೆಯಾದ. ಓಬಳನಿಗೆ ರೇಷ್ಮೆ ಪೇಟ ಸುತ್ತಿಸಿದ, ಒಂದು ಹಳ್ಳಿ ಬರೆದುಕೊಟ್ಟ. ಅಪ್ಪನನ್ನು ಕೇಳಿದಾಗ ಸೆರೆಮನೆಯವನು ಒಂದು ಹೆಗಲ ಬಟ್ಟೆ ತಂದಿತ್ತ. ಕರಿಯಣ್ಣ ಆಷಾಢದಲ್ಲೇ, ಡಂಗುರಕ್ಕೂ ಮೊದಲೇ ಸತ್ತಿದ್ದ.

"ಮೊದಲೇ ಹೇಳಬಹುದಿತ್ತು, ಅಯ್ಯನವರೇ."

"ಹೇಳಿದ್ದರೆ ನೀನು ಬರುತ್ತಿದ್ದೆಯಾ?"

ಓಬಳನ ಬಾಯಿ ತೆರೆಯಿತು. ಕಾವಲಿನವನು ಕೈಯಲ್ಲಿ ಬಟ್ಟೆ ಹಿಡಿದು ಮುಂದೆ ಬಂದ. ಸದ್ದು ಮಾಡಬಾರದೆಂಬ ಹಳೆಯ ಆಜ್ಞೆ ಹಾಗೇ ಇರಲಿ, ಊರು ಶಾಂತವಾಗಿರುತ್ತದೆ ಎಂದು ನಾಗಣಯ್ಯ ಹೇಳಿದ. ಓಬಳ ಬಾಯಿ ಮುಚ್ಚಿಕೊಂಡ.

ಪಟ್ಟ ಬಿಟ್ಟ ದೊರೆ ಬರಿಗಾಲಿನಲ್ಲಿ ಘಟ್ಟ ದಾಟಿ ಹೋಗಬೇಕು. ಗಡಿಯವರೆಗೆ ಅವನ ಮುಂದೆ ನಡೆಯುವ ಗೌರವವನ್ನೂ ಓಬಳನಿಗೇ ಕೊಟ್ಟರು. ಹನ್ನೆರಡು ವರ್ಷ ನೆಲ ಮುಟ್ಟದ ಕಾಲು ಕೇತರಸನದು. ಎರಡು ಹರದಾರಿ ನಡೆಯುವಷ್ಟರಲ್ಲಿ ಅಂಗಾಲು ಒಡೆದು ರಕ್ತ ಬಂತು. ಘಟ್ಟದ ಮೇಲೆ ಮಂಜು ಇಳಿದಿತ್ತು.

"ಓಬಳ, ನನಗೆ ಏನೂ ಕಾಣುತ್ತಿಲ್ಲ. ನೀನು ದಾರಿ ಕೂಗುತ್ತಾ ಹೋಗಪ್ಪಾ," ಎಂದ ಕೇತರಸ. ಅಪ್ಪಾ ಎಂದು ಅವನು ಯಾರನ್ನೂ ಕರೆದದ್ದಿರಲಿಲ್ಲ.

ತಿರುವು ಬಂತು. ಸಡಿಲ ಕಲ್ಲು ಅಲ್ಲೇ ಇತ್ತು, ಅದರ ಆಚೆ ಪ್ರಪಾತ. ಓಬಳ ಅಪ್ಪನ ಬಟ್ಟೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಕಲ್ಲನ್ನು ನೋಡಿಕೊಂಡು, ಮೆಲ್ಲಗೆ ದಾಟಿದ.

ಕೂಗಲಿಲ್ಲ. ಆಜ್ಞೆ ಇನ್ನೂ ಇತ್ತು.