ಹಾಲಯ್ಯಜ್ಜನವರು ಕೇಳಿದ ಹೆಸರು

ಶ್ರೀ ಹಾಲಯ್ಯಜ್ಜನವರ ಮಠವೆಂದರೆ ದೊಡ್ಡ ಕಮಾನು, ಬೆಳ್ಳಿ ಬಾಗಿಲು ಎಂದೆಲ್ಲ ಎಣಿಸಬಾರದು. ನೇಕಾರರ ಓಣಿ ಮುಗಿದಲ್ಲಿ ಒಂದು ಮಣ್ಣಿನ ಮನೆ, ಒಳಗೆ ಹಿಂದಿನ ಗುರುಗಳ ಗದ್ದಿಗೆ, ಪಕ್ಕದಲ್ಲೇ ಒಲೆ. ಅಷ್ಟೇ. ಪೂಜ್ಯರು ಹೆಚ್ಚಾಗಿ ಒಲೆಯ ಕಡೆಗೇ ಇರುತ್ತಿದ್ದರು. ಪಾದ ಮುಟ್ಟಲು ಬಗ್ಗಿದವರ ಕೈಗೆ ಒಂದು ಕಟ್ಟು ಪುಂಡಿಪಲ್ಲೆ ಸೊಪ್ಪು ಕೊಟ್ಟು, "ಹೆಂಗೂ ಬಗ್ಗೀರಿ, ಇದನ್ನೊಂದು ಸೋಸಿಬಿಡ್ರಿ" ಎನ್ನುತ್ತಿದ್ದರು. ಹೀಗಾಗಿ ಕೆಲವು ಜಾಣ ಭಕ್ತರು ಪಲ್ಲೆ ಒಲೆ ಏರಿದ ಮೇಲೆಯೇ ದರ್ಶನಕ್ಕೆ ಬರುತ್ತಿದ್ದರಂತೆ.

ಒಂದು ಬೆಳಿಗ್ಗೆ ನೀಲಗಂಗವ್ವ ಬಂದಳು. ಅವಳ ಗಂಡ ಮುರಿಗೆಪ್ಪ ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ಕುಣಿಮಗ್ಗದಲ್ಲಿ ಸೀರೆ ನೇಯುವವನು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಮಗ್ಗ ನಿಂತಿತ್ತು, ಓಣಿಯ ಬಾಯಿ ನಿಂತಿರಲಿಲ್ಲ. ಇದೆಲ್ಲ ಇವಳ ಕಾಲ್ಗುಣ ಎಂದು ಓಣಿ ಹೇಳಿತು. ಹೇಳಿ ಹೇಳಿ ಕೊನೆಗೆ ನೀಲಗಂಗವ್ವನೂ ನಂಬಿದಳು. ತಾಳಿಯನ್ನು ಗದ್ದಿಗೆಗೆ ಒಪ್ಪಿಸಿ ತವರಿಗೆ ಹೋಗಿಬಿಟ್ಟರೆ ದೇವರು ಅವನ ಕೈ ತಿರುಗಿ ಕೊಟ್ಟಾನು ಎಂದು ಆ ತಾಯಿಯ ಭಕ್ತಿ.

ಹಿಂದೆಯೇ ಮುರಿಗೆಪ್ಪ ಕಾಲೆಳೆಯುತ್ತ ಬಂದು ಹೊಸ್ತಿಲ ಹೊರಗೇ ಕೂತ. ಕೈ ಬಿದ್ದ ದಿನದಿಂದ ಅವನು ದೇವರ ಮೇಲೆ ಮುನಿದಿದ್ದ, ನಗುವುದನ್ನೂ ಬಿಟ್ಟಿದ್ದ.

"ಒಳಗ ಬಾರೋ ತಮ್ಮಾ," ಎಂದರು ಪೂಜ್ಯರು.

"ನಾ ಮಠಕ್ಕ ಬಂದಿಲ್ರಿ ಅಜ್ಜಾರ. ಹೆಂಡ್ತಿ ಬೆನ್ನ ಹತ್ತಿ ಬಂದೀನಿ."

"ಅದೂ ದೊಡ್ಡ ಯಾತ್ರೀನ. ಕುಂದರು."

ನೀಲಗಂಗವ್ವ ತಾಳಿಗೆ ಕೈ ಹಾಕಿ, ಬಂದ ಕಾರಣ ಹೇಳಿ ಅತ್ತಳು. ಪೂಜ್ಯರು ತಡೆಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ.

"ಆತು, ಇಡು. ಆದರ ಹೆಸರಿಲ್ಲದ ಸಾಮಾನ ಗದ್ದಿಗೀ ಮ್ಯಾಲ ಇಡಂಗಿಲ್ಲ. ಯಾರು ಕಟ್ಟಿದ ತಾಳಿ ಇದು? ಹೆಸರು ಹೇಳು."

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದ ಕಾಲವದು. ನೀಲಗಂಗವ್ವ ತಡವರಿಸಿದಳು. "ಹೊರಗ ಕುಂತಾರಲ್ರೀ, ಅವರು."

"ಹೊರಗ ನಾಯೀನೂ ಕುಂತೈತಿ."

"ಸೀರಿ ನೇಯೋರ್ರಿ."

"ಓಣಿ ತುಂಬ ಅವರ ಅದಾರ."

ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. "ನಾನ ಹೇಳ್ತೀನಿ ತಗೋರಿ, ನನ್ನ ಹೆಸರು..."

"ನಿನ್ನ ಯಾರ ಕೇಳ್ಯಾರ? ನೀ ಮಠಕ್ಕ ಬಂದಿಲ್ಲ," ಎಂದು ಪೂಜ್ಯರು ಅವಳ ಕಡೆಗೆ ತಿರುಗಿದರು. "ಹಂಗ ಹೇಳಾಕ ಬರದಿದ್ರ ಒಡಪು ಹಾಕಿ ಹೇಳು, ತಂಗಿ."

ಒಡಪಿನ ಪದದಲ್ಲಿ ಸೇರಿಸಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಆದರೆ ಒಡಪುಗಳೆಲ್ಲ ಮದುವೆಗೆ, ಬಸುರಿಗೆ ಮಾಡುವ ಕುಬಸಕ್ಕೆ ಕಟ್ಟಿದವು. ತಾಳಿ ಬಿಚ್ಚಿಡುವಾಗ ಹೇಳಲೆಂದು ಯಾವ ಹೆಂಗಸೂ ಒಂದನ್ನೂ ಕಟ್ಟಿಟ್ಟಿಲ್ಲ. ನೀಲಗಂಗವ್ವ ಹುಡುಕಿಯೇ ಹುಡುಕಿದಳು. ಸಿಕ್ಕಿದ್ದು ಒಂದೇ. ಮದುಮಗಳಾಗಿ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೇಳಿಸಿದ್ದು. ಅದನ್ನೇ ಸೆರಗಿನ ಮರೆಯಲ್ಲಿ ಹೇಳಿದಳು:

"ಕುಣಿಮಗ್ಗದಾಗ ಕಾಲ ಇಟ್ಟರ ಕತ್ತಲ,
ಮುರಿಗೆಪ್ಪನವರು ನಕ್ಕರ ಬೆಳಕ ಮನಿ ಸುತ್ತಲ."

ಹೆಸರು ಬಾಯಿಗೆ ಬಂತು. ತಾಳಿ ಹಿಡಿದ ಕೈ ತಾನಾಗಿಯೇ ಸಡಿಲಿತು. ಹೊರಗಿನಿಂದ ಏನೋ ಒಂದು ಸದ್ದು. ನೋಡಿದರೆ ಮುರಿಗೆಪ್ಪ ನಗುತ್ತಿದ್ದ. ಸೊಟ್ಟ ಬಾಯಿ, ಒಂದೇ ಕಡೆ ಅರಳಿತ್ತು. ಕಣ್ಣು ಎರಡೂ ತುಂಬಿದ್ದವು.

"ಅರ್ಧ ಅವನ ನಕ್ಕಾನ," ಎಂದರು ಪೂಜ್ಯರು. "ಉಳಿದರ್ಧ ನೀ ನಗಬೇಕವ್ವ. ಮಗ್ಗಾನೂ ಹಂಗ."

ನೀಲಗಂಗವ್ವ ಅಳುತ್ತಳುತ್ತಲೇ ನಕ್ಕಳು. ಮುರಿಗೆಪ್ಪ ಹೊಸ್ತಿಲು ದಾಟಿ ಬಂದು ಅಜ್ಜನವರಿಗೆ ಅಡ್ಡಬಿದ್ದ. ಒಂದೇ ಕೈ ಆದ್ದರಿಂದ ಏಳಲಾಗಲಿಲ್ಲ, ಅವಳೇ ಎಬ್ಬಿಸಬೇಕಾಯಿತು.

ಬಲಗೈ ಮಾತ್ರ ತಿರುಗಿ ಬರಲಿಲ್ಲ. ಬಂತೆಂದು ಬರೆದರೆ ಕೇಳಲು ಚೆಂದ, ಆದರೆ ಅಜ್ಜನವರ ಹೆಸರಿನಲ್ಲಿ ಸುಳ್ಳು ಹೇಳಲು ಧೈರ್ಯ ಸಾಲದು. ಮರುದಿನದಿಂದ ಮಗ್ಗದಲ್ಲಿ ಇಬ್ಬರು ಕೂತರು. ಬಲಗಡೆಯಿಂದ ಅವಳು ಲಾಳಿ ಎಸೆದರೆ ಎಡಗಡೆ ಅವನು ಹಿಡಿಯುತ್ತಿದ್ದ. ಮೊದಮೊದಲು ಲಾಳಿ ಬೀಳುತ್ತಿತ್ತು, ಜಗಳ ಏಳುತ್ತಿತ್ತು. ಬರಬರುತ್ತ ಸೀರೆಗಳು ಇಳಿಯತೊಡಗಿದವು. ದೇವರೆಂದರೆ ಮುಖ ತಿರುಗಿಸುತ್ತಿದ್ದವನು ಸೋಮವಾರ ತಪ್ಪದೆ ಮಠಕ್ಕೆ ಬರುವವನಾದ.

ಓಣಿಯವರು ಬಿಡುತ್ತಾರೆಯೇ? "ಏನೋ ಮುರಿಗೆಪ್ಪ, ಇಷ್ಟು ಮಠಕ್ಕ ಅಡ್ಡಾಡತೀ, ಕೈ ಬಂತೇನು?" ಎಂದು ಚುಚ್ಚುತ್ತಿದ್ದರು.

"ಬಂದೈತಲ್ಲ," ಎನ್ನುತ್ತಿದ್ದ ಮುರಿಗೆಪ್ಪ. "ಒಳಗ ರೊಟ್ಟಿ ಬಡಿಯಾಕತ್ತೈತಿ."