ಚಕ್ಕುಲಿ ಒತ್ತಿದ ನ್ಯಾಯಾಧಿಕಾರಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನನಗೆ ತಿಳಿಯದ ವಿದ್ಯೆಯ ಬಗ್ಗೆ, ಅದನ್ನು ಅರೆದು ಕುಡಿದವರ ನಡುವೆ ನಾನು ತೀರ್ಪು ಕೊಡುವುದು ಹೇಗೆ?”

ಅವನು ಹೊಸದಾಗಿ ನ್ಯಾಯಾಧೀಶನಾಗಿದ್ದ. ಮೊದಲ ತಿಂಗಳಲ್ಲೇ ಪೇಟೆಂಟ್ ಮೊಕದ್ದಮೆಯೊಂದು ಅವನ ಪಾಲಿಗೆ ಬಂದಿತ್ತು. ಎರಡು ಕಂಪನಿಗಳು ಒಂದು ಯಂತ್ರಕ್ಕಾಗಿ ಕಿತ್ತಾಡುತ್ತಿದ್ದವು. ಅವನು ಓದಿದ್ದು ಕಾನೂನು; ಯಂತ್ರದ ಗಂಧಗಾಳಿ ಅವನಿಗಿರಲಿಲ್ಲ. ತಪ್ಪು ತೀರ್ಪು ಕೊಟ್ಟುಬಿಟ್ಟೇನೆಂದು ಭಯವಾಗಿತ್ತು.

ಗುರು ನಕ್ಕು ಈ ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಏಳು ವರ್ಷ ತಲೆ ಕೆಡಿಸಿಕೊಂಡು ಹೊಸ ಬಗೆಯ ಚಕ್ಕುಲಿ ಒರಳು ಮಾಡಿದ. ಅರಸ ಅದರಲ್ಲಿ ಒತ್ತಿದ ಚಕ್ಕುಲಿ ತಿಂದು ಮೆಚ್ಚಿ, ಹನ್ನೆರಡು ವರ್ಷ ಇಂಥ ಒರಳನ್ನು ಬೇರೆ ಯಾರೂ ಮಾಡಕೂಡದು ಎಂದು ಸನ್ನದು ಬರೆಸಿಕೊಟ್ಟ. ಅರಸರು ತಿಂದು ಮೆಚ್ಚುವುದು ಬೇಗ. ಬಿಡಿಸಿ ಬರೆಸುವುದು ಕಡಿಮೆ. ಒರಳಿನಲ್ಲಿ ಹೊಸದೇನು ಎಂಬುದೇ ಸನ್ನದಿನಲ್ಲಿ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಪಕ್ಕದ ಬೀದಿಯ ಇನ್ನೊಬ್ಬ ಕಂಚುಗಾರ ಹಿಡಿಯ ಮೇಲೆ ನವಿಲು ಕೂರಿಸಿ ತನ್ನದೊಂದು ಒರಳು ಮಾರತೊಡಗಿದ. ಮೊದಲನೆಯವನು ನ್ಯಾಯಾಧಿಕಾರಿಗೆ ದೂರು ಕೊಟ್ಟ. ಸನ್ನದು ಬಿದ್ದರೆ ಅವನ ಏಳು ವರ್ಷ ನೀರುಪಾಲು. ನಿಂತರೆ ಎರಡನೆಯವನು ಕುಲುಮೆ ಆರಿಸಬೇಕು.

ಇಬ್ಬರೂ ಪಂಡಿತರನ್ನು ಕರೆತಂದರು. ಪಂಡಿತರು ಎರಡು ದಿನ ಲೋಹದ ಗುಣ, ಬಲದ ಗುಣ, ಹಿಟ್ಟಿನ ಗುಣ ವಿವರಿಸಿದರು. ಸಭೆಯವರೆಲ್ಲ ತಲೆದೂಗಿದರು. ಮೂರನೆಯ ದಿನ ನ್ಯಾಯಾಧಿಕಾರಿ ಹೇಳಿದ: “ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಚಕ್ಕುಲಿ ತಿನ್ನುವುದು ಗೊತ್ತು, ಒತ್ತುವುದು ಗೊತ್ತಿಲ್ಲ. ಹಿಟ್ಟು ಕಲಸಿ ತನ್ನಿ.”

ಸಭೆ ಗೊಳ್ಳೆಂದು ನಕ್ಕಿತು. ಅವನು ಅಂಗಿಯ ತೋಳು ಮಡಿಸಿ ನೆಲದ ಮೇಲೆ ಕುಳಿತು, ದೂರು ಕೊಟ್ಟವನನ್ನು ಕೇಳಿದ: “ಇದರಲ್ಲಿ ನಿನ್ನದು ಯಾವುದು? ಒಂದೇ ಮಾತಿನಲ್ಲಿ ಹೇಳು, ಬರೆಸುತ್ತೇನೆ.”

“ಹಿಡಿ ತಿರುಗಿಸಿ ಹಿಟ್ಟು ಒತ್ತುವ ಒರಳೆಲ್ಲ ನನ್ನದೇ ಸ್ವಾಮಿ,” ಎಂದ ಕಂಚುಗಾರ, ಎದೆಯುಬ್ಬಿಸಿ.

ಎರಡನೆಯವನು ಇದಕ್ಕೇ ಕಾಯುತ್ತಿದ್ದ. ಚೀಲದಿಂದ ತನ್ನ ಅಜ್ಜಿಯ ಒರಳು ತೆಗೆದಿಟ್ಟ. ಅದಕ್ಕೂ ತಿರುಗಿಸುವ ಹಿಡಿ ಇತ್ತು.

“ಹಾಗಾದರೆ ನೀನು ಹುಟ್ಟುವ ಮೊದಲೇ ಇವನಜ್ಜಿ ನಿನ್ನದನ್ನು ಕದ್ದಿದ್ದಾಳೆ,” ಎಂದ ನ್ಯಾಯಾಧಿಕಾರಿ. ಕಂಚುಗಾರನ ಮುಖ ಇಷ್ಟೇ ಇಷ್ಟಾಯಿತು. ಎರಡನೆಯವನು ಗೆದ್ದೆನೆಂದು ಎದ್ದು ನಿಂತ. “ಕೂತುಕೋ, ಹಿಟ್ಟು ಇನ್ನೂ ಇದೆ,” ಎಂದ ನ್ಯಾಯಾಧಿಕಾರಿ.

ಅಜ್ಜಿಯ ಒರಳಿನಲ್ಲಿ ಒತ್ತಿದ. ಹಿಡಿಯ ಜೊತೆಗೆ ಹಿಟ್ಟು ತಳ್ಳುವ ಬಿಲ್ಲೆಯೂ ತಿರುಗಿ, ಹಿಟ್ಟು ತಿರುಚಿಕೊಂಡು ತುಂಡುತುಂಡಾಗಿ ಬಿತ್ತು. ಮೊದಲನೆಯವನ ಒರಳಿನಲ್ಲಿ ಒತ್ತಿದ. ಎಳೆ ಕಡಿಯದೆ ಇಳಿಯಿತು. ಅಂಕುಡೊಂಕಾದರೂ ಅದು ಚಕ್ಕುಲಿಯೇ ಆಗಿತ್ತು. ನ್ಯಾಯಾಧಿಕಾರಿಗೆ ಹೇಳತೀರದ ಖುಷಿಯಾಯಿತು. ಅಕ್ಕಪಕ್ಕದವರಿಗೆಲ್ಲ ತೋರಿಸಿದ ಮೇಲೆ ಕೇಳಿದ: “ಇದು ಯಾಕೆ ತುಂಡಾಗಲಿಲ್ಲ?”

“ಒಳಗೋಡೆಯಲ್ಲಿ ಮೇಲಿಂದ ಕೆಳಗೆ ಎರಡು ಗೀರು ಕೊರೆದಿದ್ದೇನೆ. ಬಿಲ್ಲೆಗೆ ಎರಡು ಕಿವಿ. ಕಿವಿ ಗೀರಿನಲ್ಲಿ ಜಾರುತ್ತದೆ. ಹಿಡಿ ತಿರುಗಿದರೂ ಬಿಲ್ಲೆ ತಿರುಗುವುದಿಲ್ಲ. ಇಷ್ಟು ಸಣ್ಣದನ್ನು ಸಭೆಯಲ್ಲಿ ಹೇಳಲು ನಾಚಿಕೆಯಾಯಿತು ಸ್ವಾಮಿ.”

“ಏಳು ವರ್ಷ ಹೋದದ್ದು ಇದಕ್ಕೇ ತಾನೆ?”

ಹೌದೆನ್ನುವಾಗ ಕಂಚುಗಾರನ ಕಣ್ಣು ತುಂಬಿತು. ನ್ಯಾಯಾಧಿಕಾರಿ ಗೀರು ಮತ್ತು ಕಿವಿ, ಇಷ್ಟನ್ನೇ ಬರೆಸಿ, ಇಬ್ಬರಿಗೂ ಓದಿಸಿ, ಮೊಹರು ಹಾಕಿಸಿದ. ಅಲ್ಲಿಯವರೆಗೆ ಅವನು ನವಿಲಿನ ಒರಳನ್ನು ಬಿಚ್ಚಿ ನೋಡಿರಲಿಲ್ಲ. ಮೊದಲೇ ನೋಡಿದರೆ ಬರೆಸುವ ಮಾತು ಯಾರದೋ ಕಡೆಗೆ ವಾಲೀತು ಎಂಬ ಎಚ್ಚರ ಅವನಿಗಿತ್ತು. ಈಗ ಬಿಚ್ಚಿಸಿದ. ಒಳಗೆ ಅದೇ ಎರಡು ಗೀರು, ಅದೇ ಎರಡು ಕಿವಿ.

ತೀರ್ಪು ಚಿಕ್ಕದಾಗಿತ್ತು. ತಿರುಗಿಸುವ ಹಿಡಿ ಎಲ್ಲರದು. ಗೀರು, ಕಿವಿ ಇನ್ನು ಎಂಟು ವರ್ಷ ಮೊದಲನೆಯವನದು. ನವಿಲು ಎರಡನೆಯವನದು, ಅದನ್ನು ಅಜ್ಜಿಯ ಒರಳಿನಂಥದರ ಮೇಲೆ ಕೂರಿಸಿ ಮಾರಲಿ, ಇಲ್ಲವೇ ಬಿಲ್ಲೆ ನಿಲ್ಲಿಸಲು ಬೇರೆ ಉಪಾಯ ಹುಡುಕಲಿ. ಎರಡನೆಯವನು ಗೊಣಗುತ್ತ ಹೊರಟ. ಮನೆ ಮುಟ್ಟುವಷ್ಟರಲ್ಲಿ ಗೊಣಗಾಟ ನಿಂತು ಯೋಚನೆ ಶುರುವಾಗಿತ್ತು. ಮರುವರ್ಷ ಅವನೂ ಎಳೆ ಕಡಿಯದ ಒರಳೊಂದನ್ನು ಮಾಡಿದ. ಅದರಲ್ಲಿ ಗೀರೂ ಇರಲಿಲ್ಲ, ಕಿವಿಯೂ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. “ಅರ್ಥವಾಯಿತು ಗುರುಗಳೇ, ಎಲ್ಲ ಅರ್ಥವಾಯಿತು!” ಎಂದು ಹೊರಡಲು ಎದ್ದ.

ಗುರು ಹೇಳಿದರು: “ಇಷ್ಟು ಬೇಗ ಎಲ್ಲ ಅರ್ಥವಾಗಿಬಿಡುವ ನ್ಯಾಯಾಧೀಶನ ಮುಂದೆ ನನ್ನ ಮೊಕದ್ದಮೆ ಬಾರದಿರಲಿ.”